ನಾಗಪುರದ ಉದ್ಯಾನಗಳು ಮತ್ತು ಸಾಂಸ್ಕೃತಿಕ ತಾಣಗಳು

ಕಿತ್ತಳೆಗೆ ಹೆಸರಾದ ವಿದರ್ಭದ ಈ ನಗರದಲ್ಲಿ ಭೋಸಲೆ ಅರಸರ ಕಾಲದ ಮಹಾರಾಜಬಾಗ್ ಹಳೆಯ ಉದ್ಯಾನ; ಒಳಗೆ ಪುಟ್ಟ ಮೃಗಾಲಯವಿದೆ. ಸಂಜೆಯ ವಿಹಾರಕ್ಕೆ ಅಂಬಾಝರಿ, ಫುಟಾಳಾ ಕೆರೆಗಳ ದಂಡೆ. 1863ರಲ್ಲಿ ಸ್ಥಾಪನೆಯಾದ ಕೇಂದ್ರ ವಸ್ತುಸಂಗ್ರಹಾಲಯವನ್ನು ಜನ ಇಂದಿಗೂ ಅಜಬ್ ಬಂಗಲೆ ಎನ್ನುತ್ತಾರೆ. ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ದೀಕ್ಷಾಭೂಮಿಯನ್ನು ಬರಿಯ ಪ್ರವಾಸಿ ತಾಣ ಎನ್ನುವುದು ಸಲ್ಲದು. ವಿಜಯದಶಮಿಗೆ ಅಲ್ಲಿ ಸೇರುವವರು ಯಾತ್ರಿಕರು.

ನಾಗಪುರದ್ದೇ ಆದ ಉತ್ಸವ ಮಾರಬತ್. ಎತ್ತುಗಳ ಹಬ್ಬವಾದ ಪೋಳಾದ ಮರುದಿನ ಹಳದಿ, ಕಪ್ಪು ಬಣ್ಣದ ಎರಡು ಹೆಣ್ಣು ಪ್ರತಿಕೃತಿಗಳ ಮೆರವಣಿಗೆ ಹಳೆ ಪೇಟೆಯಲ್ಲಿ ಸಾಗುತ್ತದೆ. ರೋಗರುಜಿನ, ಪೀಡೆಗಳು ತೊಲಗಲೆಂದು ಜನ ಕೂಗುತ್ತಾರೆ. ಜೊತೆಗೆ ಬರುವ ‘ಬಡಗ್ಯಾ’ ಬೊಂಬೆಗಳಲ್ಲಿ ಬೆಲೆಯೇರಿಕೆ, ಭ್ರಷ್ಟಾಚಾರಗಳ ಗೇಲಿ. ಕೊನೆಗೆ ಅವನ್ನೆಲ್ಲ ಸುಡುತ್ತಾರೆ.