ಎರೆ ಹೊಲದ ಹಸಿ, ಹಿಮ್ಮಡಿಯ ಬಿರುಕು

ಕಡಲೆ ಕೀಳುವ ದಿನಗಳಲ್ಲಿ ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಿಗೆ ಹೋದರೆ ಎರಡು ಥರದ ಬಿರುಕು ಕಾಣುತ್ತವೆ. ಒಂದು ನೆಲದ್ದು, ಇನ್ನೊಂದು ಆ ನೆಲದ ಮೇಲೆ ನಿಂತವರ ಹಿಮ್ಮಡಿಯದ್ದು. "ಹೊಲಾ ಒಡದಂಗ ಕಾಲೂ ಒಡದಾವ ನೋಡ ತಮ್ಮಾ" ಎಂದು ಹಿರಿಯ ತಾಯಂದಿರು ನಗುತ್ತಲೇ ಹೇಳುತ್ತಾರೆ. ನಾವೂ ಇಂಥ ಮನೆಗಳಲ್ಲೇ ಬೆಳೆದವರು. ರಾತ್ರಿ ಕುಸುಬಿ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಿ ಮಲಗಿದರೂ ಬೆಳಿಗ್ಗೆ ಅದೇ ಬಿರುಕು. ಎಣ್ಣೆ ಹಚ್ಚಿದರೂ ಯಾಕೆ ಹೀಗೆ?

ಉತ್ತರ ನಮ್ಮ ಹೊಲದಲ್ಲೇ ಇದೆ. ಎರೆ ಮಣ್ಣಿನ ಜಿಗುಟು ಮಳೆಯ ನೀರನ್ನು ಹಿಡಿದಿಡುತ್ತದೆ. ಆ ಹಸಿಯ ಮೇಲೆಯೇ ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆಯುತ್ತವೆ. ಹಸಿ ಆರಬಾರದೆಂದು ನಾವು ಎಡೆ ಹೊಡೆದು ಮೇಲಿನ ಬಿರುಕು ಮುಚ್ಚುತ್ತೇವೆ. ಹಿಡಿಯುವುದು ಒಂದು ಕೆಲಸ, ಮುಚ್ಚುವುದು ಇನ್ನೊಂದು. ಚರ್ಮಕ್ಕೂ ಈ ಎರಡೂ ಬೇಕು. ಎಣ್ಣೆ ಮುಚ್ಚುತ್ತದೆ, ಆದರೆ ನೀರನ್ನು ಹಿಡಿಯುವುದಿಲ್ಲ. 1952ರಲ್ಲಿ ಅಮೆರಿಕದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿ ಇದನ್ನು ಪ್ರಯೋಗದಿಂದ ತೋರಿಸಿದರು. ಒಣಗಿದ ಗಟ್ಟಿ ಚರ್ಮ ಎಣ್ಣೆಯಲ್ಲಿ ಮೆತ್ತಗಾಗಲಿಲ್ಲ, ನೀರಿನಲ್ಲಿ ಮೆತ್ತಗಾಯಿತು.

ಹಾಗಾದರೆ ಚರ್ಮದಲ್ಲಿ ನೀರು ಹಿಡಿಯುವ ವಸ್ತು ಯಾವುದು? ಇಂದು ಸಾವಿರ ಹೆಸರಿನ ಕ್ರೀಮುಗಳಲ್ಲಿ ಇರುವುದು ಮುಖ್ಯವಾಗಿ ಮೂರು. ಮೂರರ ಹುಟ್ಟೂ ತೀರ ಸಾಧಾರಣ ಜಾಗದಲ್ಲಿ ಆಗಿದೆ.

ಮೊದಲನೆಯದು ಗ್ಲಿಸರಿನ್. 1779ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಆಲಿವ್ ಎಣ್ಣೆಯನ್ನು ಸೀಸದ ಪುಡಿಯೊಂದಿಗೆ ಕಾಯಿಸುವಾಗ ಒಂದು ಸಿಹಿಯಾದ, ಮಂದವಾದ ದ್ರವ ಸಿಕ್ಕಿತು. ಮುಂದೆ ಫ್ರಾನ್ಸಿನ ಶೆವ್ರೆಲ್ ಅದಕ್ಕೆ ಗ್ರೀಕ್ ಭಾಷೆಯ 'ಸಿಹಿ' ಎಂಬ ಪದದಿಂದ ಗ್ಲಿಸರಿನ್ ಎಂದು ಹೆಸರಿಟ್ಟರು. ಎಣ್ಣೆಯನ್ನು ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಸಾಬೂನಿನ ಜೊತೆಗೆ ಇದೂ ಹುಟ್ಟುತ್ತದೆ. ಅಂದರೆ ಇದು ಸಾಬೂನಿನ ಕಡಾಯಿಯಲ್ಲಿ ಉಳಿಯುವ ವಸ್ತು. 1847ರಲ್ಲಿ ಇಟಲಿಯ ಸೊಬ್ರೆರೊ ಇದರಿಂದ ನೈಟ್ರೋಗ್ಲಿಸರಿನ್ ಮಾಡಿದರು. 1867ರಲ್ಲಿ ನೊಬೆಲ್ ಅದರಿಂದ ಡೈನಮೈಟ್ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಸಾಬೂನಿನ ಈ ಉಳಿಕೆಗೆ ಮದ್ದುಗುಂಡಿನ ಕಾರ್ಖಾನೆಗಳಿಂದ ಭಾರಿ ಬೇಡಿಕೆ ಬಂತು.

ಅದೇ ಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನದ ಶ್ರೀಗಂಧ ಹೊರದೇಶಕ್ಕೆ ಹೋಗದೆ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಗಂಧದೆಣ್ಣೆಯ ಕಾರ್ಖಾನೆ ತೆರೆಸಿದರು. ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಉದ್ಯಮ ಬೆಳೆಯಿತು. ಸಾಬೂನಿನ ವಿದ್ಯೆ ಕಲಿತು ಬಂದ ಎಸ್.ಜಿ. ಶಾಸ್ತ್ರಿಯವರ ದುಡಿಮೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಆಗ ನಮ್ಮ ಈ ಮೂರೂ ಊರುಗಳು ಮೈಸೂರಿಗೆ ಸೇರಿರದೆ ಮುಂಬೈ ಪ್ರಾಂತ್ಯದಲ್ಲಿದ್ದವು. ಇಂದು ಆ ಸಾಬೂನು ನಮ್ಮ ಬಚ್ಚಲಿನಲ್ಲೂ ಇದೆ.

ಎರಡನೆಯದರ ಹೆಸರು ಕೇಳಿದರೆ ರೈತರು ನಗುತ್ತಾರೆ: ಯೂರಿಯಾ. ಗೊಬ್ಬರದ ಅಂಗಡಿಯ ಮುಂದೆ ನಾವು ಪಾಳಿ ಹಚ್ಚುವ ಅದೇ ಯೂರಿಯಾ. 1773ರಲ್ಲಿ ಫ್ರಾನ್ಸಿನ ರುವೆಲ್ ಇದನ್ನು ಮೂತ್ರದಲ್ಲಿ ಗುರುತಿಸಿದರು. 1828ರಲ್ಲಿ ಜರ್ಮನಿಯ ವೋಲರ್ ಮೂತ್ರವಿಲ್ಲದೆ ಪ್ರಯೋಗಶಾಲೆಯಲ್ಲೇ ಮಾಡಿ ತೋರಿಸಿದರು. ಆರೋಗ್ಯವಾದ ಚರ್ಮ ತನ್ನ ನೀರು ಹಿಡಿಯಲು ಬಳಸುವ ವಸ್ತುಗಳಲ್ಲಿ ಯೂರಿಯಾವೂ ಒಂದು. ಅದಕ್ಕೇ ಹಿಮ್ಮಡಿಯ ಕ್ರೀಮಿನಲ್ಲಿ ಅದಿರುತ್ತದೆ. ಶೇಕಡಾ 10ರಷ್ಟಿದ್ದರೆ ಹಸಿ ಹಿಡಿಯುತ್ತದೆ, 20 ದಾಟಿದರೆ ದಡ್ಡುಗಟ್ಟಿದ ಚರ್ಮವನ್ನು ಮೆತ್ತಗೆ ಮಾಡಿ ಉದುರಿಸುತ್ತದೆ. ಹಾಗಂತ ಚೀಲದ ಗೊಬ್ಬರವನ್ನು ಕಾಲಿಗೆ ಹಚ್ಚಬೇಡಿ. ಅದು ಬೆಳೆಗೆಂದು ಬೇವು ಲೇಪಿಸಿ ಮಾಡಿದ್ದು, ಚರ್ಮಕ್ಕೆ ಬೇಕಾದ ಶುದ್ಧಿಯಾಗಲಿ ಅಳತೆಯಾಗಲಿ ಅದಕ್ಕಿಲ್ಲ.

ಮೂರನೆಯದು ಈಗ ಫೋನಿನ ಜಾಹೀರಾತುಗಳಲ್ಲಿ ಮೆರೆಯುವ ಹೈಲುರೋನಿಕ್ ಆಮ್ಲ. 1934ರಲ್ಲಿ ನ್ಯೂಯಾರ್ಕಿನಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ತಿಳಿ ಲೋಳೆಯಿಂದ ತೆಗೆದರು. ಈಗ ಹೆಚ್ಚಾಗಿ ಸೂಕ್ಷ್ಮಜೀವಿಗಳಿಂದ ಹುದುಗಿಸಿ ತಯಾರಿಸುತ್ತಾರೆ. ಇದೂ ನೀರು ಹಿಡಿಯುತ್ತದೆ. ಆದರೆ ಒಡೆದ ಹಿಮ್ಮಡಿಗೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ.

ನಾವು ಈ ಇತಿಹಾಸ ಹೇಳುತ್ತಿರುವುದು ಇದಕ್ಕಾಗಿಯೇ. ಟ್ಯೂಬಿನ ಮುಂಭಾಗದಲ್ಲಿ ಬಣ್ಣದ ಚಿತ್ರ ಇರುತ್ತದೆ. ಒಳಗೇನಿದೆ ಎಂಬುದು ಹಿಂಭಾಗದಲ್ಲಿ, ಇರುವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಕೂಲಿ ಮಾಡಿ ಬಂದ ತಾಯಿ ಅದನ್ನು ಓದುವುದು ಹೇಗೆ? ಮನೆಯಲ್ಲಿ ಓದಿದ ಮಕ್ಕಳಿದ್ದರೆ ಓದಿಸಿ, ಇಲ್ಲವೇ ಔಷಧಿ ಅಂಗಡಿಯವರನ್ನೇ ಕೇಳಿ: "ಇದರಾಗ ಗ್ಲಿಸರಿನ್ ಐತೇನ್ರಿ? ಯೂರಿಯಾ ಎಷ್ಟೈತ್ರಿ?" ಬರೀ ಗ್ಲಿಸರಿನ್ನಿನ ಸಣ್ಣ ಬಾಟಲಿಯೂ ಅಲ್ಲಿ ಸಿಗುತ್ತದೆ.

ಹಚ್ಚುವ ಕ್ರಮ ಎಡೆ ಹೊಡೆಯುವ ಲೆಕ್ಕದ್ದೇ. ರಾತ್ರಿ ಕಾಲು ತೊಳೆದು, ಸ್ವಲ್ಪ ಹಸಿ ಇರುವಾಗಲೇ ನೀರು ಬೆರೆಸಿದ ಗ್ಲಿಸರಿನ್ ಹಚ್ಚಿ. ಒಣ ಕಾಲಿಗೆ ಬರೀ ಗ್ಲಿಸರಿನ್ ಬೇಡ. ಒಣ ಹವೆಯಲ್ಲಿ ಅದು ಚರ್ಮದೊಳಗಿನ ನೀರನ್ನೇ ಎಳೆಯಬಹುದು. ಅದರ ಮೇಲೆ ಮನೆಯ ಎಣ್ಣೆ ಸವರಿ ಮುಚ್ಚಿ. ಒಂದೇ ರಾತ್ರಿಗೆ ಗುಣ ಕಾಣುವುದಿಲ್ಲ, ದಿನವೂ ಹಚ್ಚಬೇಕು. ರಕ್ತ ಬರುವಷ್ಟು ಸೀಳಿದ್ದರೆ ಗ್ಲಿಸರಿನ್ ಆಗಲಿ ಯೂರಿಯಾ ಆಗಲಿ ಹಚ್ಚದೆ ಮೊದಲು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು ಸಣ್ಣ ಬಿರುಕನ್ನೂ ಅಲಕ್ಷ್ಯ ಮಾಡಬೇಡಿ. ಅಂಥವರಿಗೆ ಹಿಮ್ಮಡಿಯ ಗಾಯ ಕೀವಾಗಿ ಕಾಲನ್ನೇ ಕಳೆಯುವ ಹಂತಕ್ಕೆ ಹೋಗಬಹುದು. ಮನೆಯ ಹಿರಿಯರ ಹಿಮ್ಮಡಿಯನ್ನು ಇವತ್ತೇ ಒಮ್ಮೆ ಬೆಳಕಿನಲ್ಲಿ ನೋಡಿ.