ನರಸಿಂಹನ್, ಎಂ. ಎಸ್. (1932–2021)

ಮುದುಂಬೈ ಶೇಷಾಚಲು ನರಸಿಂಹನ್ ರೇಖಾಗಣಿತದಲ್ಲಿ ವಿಶ್ವಮನ್ನಣೆ ಪಡೆದ ಭಾರತೀಯ ಗಣಿತಜ್ಞ. ಇವರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೇ ಇದ್ದ ಇನ್ನಿಬ್ಬರು ನರಸಿಂಹನ್‌ರೊಂದಿಗೆ ಬೆರೆಸಬಾರದು. ರಾಘವನ್ ನರಸಿಂಹನ್ ಬಹುಚರ ಸಂಕೀರ್ಣ ವಿಶ್ಲೇಷಣೆಯ ಪರಿಣತ, ಮುಂದೆ ಷಿಕಾಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಆರ್. ನರಸಿಂಹನ್ ಟಿಫ್ರ್ಯಾಕ್ ಕಂಪ್ಯೂಟರ್ ನಿರ್ಮಾಣದ ಮುಂದಾಳು.

ಎಂ. ಎಸ್. ನರಸಿಂಹನ್ ತಮಿಳುನಾಡಿನ ತಂಡರೈಯಲ್ಲಿ ಹುಟ್ಟಿ, ಮದರಾಸಿನ ಲೊಯೊಲಾ ಕಾಲೇಜಿನಲ್ಲಿ ಫ್ರೆಂಚ್ ಪಾದ್ರಿ ರಸೀನ್ ಅವರಲ್ಲಿ ಕಲಿತರು. 1953ರಲ್ಲಿ ಟಾಟಾ ಸಂಸ್ಥೆ ಸೇರಿದರು. ಕೆ. ಚಂದ್ರಶೇಖರನ್ ಇವರ ಮಾರ್ಗದರ್ಶಕರು.

ಇವರು ವಿಶ್ಲೇಷಣೆಯನ್ನು ಬಿಟ್ಟು ರೇಖಾಗಣಿತಕ್ಕೆ ಬಂದರೆಂಬ ಚಿತ್ರಣ ಪೂರ್ತಿ ಸರಿಯಲ್ಲ. ಪ್ಯಾರಿಸ್ಸಿನಲ್ಲಿ ಫ್ರೆಂಚ್ ಗಣಿತಜ್ಞ ಲೊರಾನ್ ಶ್ವಾರ್ಟ್ಸ್ ಪ್ರಭಾವದಲ್ಲಿ ಪಳಗಿಸಿಕೊಂಡ ಅವಕಲ ಸಮೀಕರಣಗಳ ವಿಧಾನವೇ ಮುಂದಿನ ಕೆಲಸದಲ್ಲೂ ಅವರ ಕೈಹಿಡಿಯಿತು. ತಕೇಶಿ ಕೊತಾಕೆ ಜೊತೆಗಿನ 1962ರ ಪ್ರಮೇಯ ವಿಶ್ಲೇಷಣೆಯದು. ಆ ವೇಳೆಗೆ ಅವರು ಸಹೋದ್ಯೋಗಿ ಸಿ. ಎಸ್. ಶೇಷಾದ್ರಿಯವರೊಡನೆ ಆಂದ್ರೆ ವೇಯ್ 1938ರಲ್ಲಿ ಪ್ರಕಟಿಸಿದ್ದ ಪ್ರಬಂಧದ ಎಳೆ ಹಿಡಿದಿದ್ದರು. ರೀಮನ್ ಮೇಲ್ಮೈ ಮೇಲಿನ, ಪ್ರತಿ ಬಿಂದುವಿಗೂ ಒಂದು ವೆಕ್ಟರ್ ಆಕಾಶವನ್ನು ಜೋಡಿಸುವ ವೆಕ್ಟರ್ ಬಂಡಲ್‌ಗಳಲ್ಲಿ ಯಾವುವು ಯೂನಿಟರಿ ಮ್ಯಾಟ್ರಿಕ್ಸುಗಳಿಂದ ಹುಟ್ಟುತ್ತವೆ ಎಂಬುದು ಇಬ್ಬರ ಪ್ರಶ್ನೆ. 1962ರಲ್ಲಿ ಡೇವಿಡ್ ಮಮ್ಫರ್ಡ್ 'ಸ್ಥಿರ' ಬಂಡಲ್‌ನ ವ್ಯಾಖ್ಯೆ ಕೊಟ್ಟರು. ಸ್ಥಿರ ಬಂಡಲ್‌ಗಳೂ ಅಖಂಡನೀಯ ಯೂನಿಟರಿ ನಿರೂಪಣೆಗಳಿಂದ ಬಂದವೂ ಒಂದೇ ಎಂದು ನರಸಿಂಹನ್–ಶೇಷಾದ್ರಿ 1965ರಲ್ಲಿ ಸಾಧಿಸಿದರು. ಈ ಪ್ರಮೇಯವನ್ನು ಸೊನ್ನೆ ಡಿಗ್ರಿಗಷ್ಟೇ (ಡಿಗ್ರಿ ಎಂದರೆ ಬಂಡಲ್ ಎಷ್ಟು ತಿರುಚಿದೆ ಎಂದು ಅಳೆಯುವ ಪೂರ್ಣಾಂಕ) ಹೇಳುವ ರೂಢಿಯಿದೆ. ಆದರೆ ಮೂಲ ಪ್ರಬಂಧ ಎಲ್ಲ ಡಿಗ್ರಿಗಳನ್ನೂ ಒಳಗೊಂಡಿದೆ. ಸ್ಥಿರತೆ ಎಂಬ ಬೀಜಗಣಿತದ ಷರತ್ತು ಟೋಪಾಲಜಿಯ ವಸ್ತುವಿನೊಡನೆ ಹೀಗೆ ಕೂಡಿಕೊಂಡದ್ದೇ ನರಸಿಂಹನ್ ಅವರ ವೃತ್ತಿಜೀವನದ ನಿಜವಾದ ತಿರುವು. 1983ರಲ್ಲಿ ಸೈಮನ್ ಡೊನಾಲ್ಡ್‌ಸನ್ ಇದಕ್ಕೆ ವಿಶ್ಲೇಷಣೆಯ ದಾರಿಯಲ್ಲೇ ಹೊಸ ಸಾಧನೆ ಕೊಟ್ಟು ಎರಡೂ ಕ್ಷೇತ್ರಗಳ ನಂಟನ್ನು ಗಟ್ಟಿಮಾಡಿದರು.

ಎಸ್. ರಮಣನ್ ಜೊತೆಗಿನ 1969ರ ಪ್ರಬಂಧ, ಜೀನಸ್ ಎರಡರ ಮೇಲ್ಮೈಯಲ್ಲಿ ಡಿಟರ್ಮಿನಂಟ್ ಕ್ಷುಲ್ಲಕವಾಗಿರುವ ಎರಡು ರ‍್ಯಾಂಕಿನ ಬಂಡಲ್‌ಗಳ ಮಾಡ್ಯುಲೈ ಆಕಾಶ (ಒಂದೊಂದು ಬಿಂದುವೂ ಒಂದು ಬಗೆಯ ಬಂಡಲನ್ನು ಸೂಚಿಸುವ ಆಕಾಶ) ಮೂರು ಆಯಾಮದ ಪ್ರೊಜೆಕ್ಟಿವ್ ಆಕಾಶವೇ ಎಂದು ತೋರಿಸಿತು. ಗುಂಟರ್ ಹಾರ್ಡರ್ ಜೊತೆ 1975ರಲ್ಲಿ ರೂಪಿಸಿದ ಫಿಲ್ಟ್ರೇಷನ್, ಸ್ಥಿರವಲ್ಲದ ಬಂಡಲ್‌ಗಳನ್ನೂ ಅರ್ಧಸ್ಥಿರ ಪದರಗಳಾಗಿ ಬಿಡಿಸುತ್ತದೆ. ಇಂದು ಅದು ಇಬ್ಬರ ಹೆಸರಿನಲ್ಲೇ ಬಳಕೆಯಲ್ಲಿದೆ.

ಎಂ. ಎಸ್. ರಘುನಾಥನ್, ರಮಣನ್, ವಿ. ಕೆ. ಪಾಟೋಡಿ ಇವರ ಶಿಷ್ಯರು. ಭಟ್ನಾಗರ್ ಪ್ರಶಸ್ತಿ (1975), ಪದ್ಮಭೂಷಣ (1990), ರಾಯಲ್ ಸೊಸೈಟಿಯ ಸದಸ್ಯತ್ವ (1996) ದೊರೆತವು. ಡೊನಾಲ್ಡ್‌ಸನ್ ಜೊತೆಗೇ ಕಿಂಗ್ ಫೈಸಲ್ ಪ್ರಶಸ್ತಿಯನ್ನು (2006) ಹಂಚಿಕೊಂಡರು. 1990ರ ದಶಕದಲ್ಲಿ ಇಟಲಿಯ ಟ್ರಿಯೆಸ್ಟೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದಲ್ಲಿ ಗಣಿತ ವಿಭಾಗದ ಮುಖ್ಯಸ್ಥರಾಗಿದ್ದರು. ನಂತರ ಬೆಂಗಳೂರಿನಲ್ಲಿ ನೆಲೆಸಿ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಟಾಟಾ ಸಂಸ್ಥೆಯ ಬೆಂಗಳೂರು ಕೇಂದ್ರದ ಒಡನಾಟದಲ್ಲಿ ಸಂಶೋಧನೆ ಮುಂದುವರಿಸಿದರು. 2021ರ ಮೇ 15ರಂದು ಅಲ್ಲೇ ನಿಧನರಾದರು.