ಅಜ್ಜಿಯ ಸೋಬಾನೆ ಮತ್ತು ನಲವತ್ನಾಲ್ಕು ಬೈಟುಗಳು

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಕಾರಣ ಸೋಮಾರಿತನ, ಜೊತೆಗೆ ಆಫೀಸು. ಈಗ ಬರೆಯಲೇಬೇಕು ಅನ್ನಿಸುವಂಥದ್ದು ಒಂದು ನಡೆಯಿತು. ಸ್ವಲ್ಪ ತಾಂತ್ರಿಕ ವಿಷಯ, ಸಹಿಸಿಕೊಳ್ಳಿ.

ಮಳೆಗಾಲದಲ್ಲಿ ನಾಲ್ಕು ದಿನ ರಜೆ ಹಾಕಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಟ್ಟದ ಟ್ರಂಕಿನಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ಚಿಕ್ಕಪ್ಪನ ಅಕ್ಷರದಲ್ಲಿ "ಅಮ್ಮನ ಹಾಡು, 1991" ಅಂತ ಇತ್ತು. ಅತ್ತೆಯ ಮದುವೆಯ ಹಿಂದಿನ ರಾತ್ರಿ ಅಜ್ಜಿ ಹೇಳಿದ ಸೋಬಾನೆ ಪದಗಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜಿಯ ಗಂಟಲು ಹೋಗಿತ್ತು, ಅವರು ಹಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಈಗ ಅಜ್ಜಿಯೂ ಇಲ್ಲ. ಇರುವುದು ಇದೊಂದೇ ಕ್ಯಾಸೆಟ್.

ಹಳೇ ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ ರೆಕಾರ್ಡ್ ಮಾಡಲು ಕೂತೆ. ಅದಕ್ಕೆ ಬೇಕಾದಷ್ಟು ಸಿದ್ಧ ತಂತ್ರಾಂಶಗಳಿವೆ, ಆದರೂ ನಾನೇ ಸಿ ಭಾಷೆಯಲ್ಲಿ ನೂರು ಸಾಲಿನ ಪ್ರೋಗ್ರಾಮ್ ಬರೆದೆ (ಎಂಜಿನಿಯರ್ ಬುದ್ಧಿ, ಏನು ಮಾಡೋದು). ಸೌಂಡ್ ಕಾರ್ಡಿನಿಂದ ಬಂದ ಸಂಖ್ಯೆಗಳನ್ನು ಒಂದು ವೇವ್ ಫೈಲಿಗೆ ತುಂಬುವುದಷ್ಟೇ ಅದರ ಕೆಲಸ. ಮೂವತ್ತೇಳನೇ ನಿಮಿಷದಲ್ಲಿ ಕರೆಂಟು ಹೋಯಿತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿತ್ತು, ಅದೂ ಆರಿತು. ಕರೆಂಟು ಬಂದಾಗ ಟೇಪ್ ರೆಕಾರ್ಡರು ತಾನೇ ತಿರುಗಲು ಶುರುಮಾಡಿ, ಟೇಪು ರೋಲರಿಗೆ ಸುತ್ತಿಕೊಂಡು ಮುದುಡಿಹೋಯಿತು. ಲ್ಯಾಪ್‌ಟಾಪಿನಲ್ಲಿದ್ದ ಫೈಲನ್ನು ತೆರೆದರೆ ಪ್ಲೇಯರ್ ತೋರಿಸಿದ ಅವಧಿ ಸೊನ್ನೆ ನಿಮಿಷ ಸೊನ್ನೆ ಸೆಕೆಂಡು.

ಆದರೆ ಡಿಸ್ಕಿನಲ್ಲಿ ಅದೇ ಫೈಲಿನ ಗಾತ್ರ ಹತ್ತೊಂಬತ್ತು ಕೋಟಿ ಬೈಟಿಗಿಂತ ಹೆಚ್ಚಿತ್ತು. ಅಂದರೆ ಅಜ್ಜಿ ಒಳಗೇ ಇದ್ದಾರೆ, ಬಾಗಿಲು ಮಾತ್ರ ತೆರೆಯುತ್ತಿಲ್ಲ. ಆ ಬಾಗಿಲು ಯಾಕೆ ಹಾಗಿದೆ ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದೇ ಈ ಲೇಖನ.

ಕಂಪ್ಯೂಟರಿನಲ್ಲಿ ಸದ್ದು ಅಂದರೆ ಸಂಖ್ಯೆಗಳ ಸಾಲು. 1957ರಲ್ಲಿ ಬೆಲ್ ಲ್ಯಾಬ್ಸಿನ ಮ್ಯಾಕ್ಸ್ ಮ್ಯಾಥ್ಯೂಸ್ ಬರೆದ ಪ್ರೋಗ್ರಾಮ್ ಹದಿನೇಳು ಸೆಕೆಂಡಿನ ಒಂದು ಸಂಗೀತದ ತುಣುಕು ನುಡಿಸಿತು. ಲೆಕ್ಕ ಮಾಡಿದ್ದು ನ್ಯೂಯಾರ್ಕಿನಲ್ಲಿದ್ದ ಐಬಿಎಂ 704 ಯಂತ್ರ. ಆದರೆ ಆ ಯಂತ್ರಕ್ಕೆ ಸದ್ದು ಮಾಡಲು ಬರುತ್ತಿರಲಿಲ್ಲ. ಸಂಖ್ಯೆಗಳನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿಕೊಂಡು ನ್ಯೂಜೆರ್ಸಿಯ ಮರ್ರೆ ಹಿಲ್‌ಗೆ ಹೊತ್ತೊಯ್ದು, ಅಲ್ಲಿದ್ದ ಪರಿವರ್ತಕದಲ್ಲಿ ಹಾಕಿ ಕೇಳಬೇಕಿತ್ತು. ಆ ಟೇಪಿನಲ್ಲಿ ಏನಿದೆ ಅನ್ನುವುದು ಬರೆದವರ ತಲೆಯಲ್ಲಿರುತ್ತಿತ್ತು. ಒಂದೇ ಗುಂಪಿನವರು ಬರೆದು ಅವರೇ ಓದುವಾಗ ಅಷ್ಟು ಸಾಕು.

ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಅದು ಸಾಲದಾಯಿತು. ಪ್ರತಿ ಪ್ರೋಗ್ರಾಮಿಗೂ ತನ್ನದೇ ಫೈಲು, ಒಂದರದ್ದು ಇನ್ನೊಂದಕ್ಕೆ ಅರ್ಥವಾಗದು. 1985ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಜೆರ್ರಿ ಮಾರಿಸನ್ ಒಂದು ಏರ್ಪಾಡು ಸೂಚಿಸಿದರು, ಹೆಸರು ಐಎಫ್ಎಫ್. ಅಮಿಗಾ ಕಂಪ್ಯೂಟರಿನಲ್ಲಿ ಅದು ಮನೆಮಾತಾಯಿತು. ಫೈಲನ್ನು ತುಂಡುಗಳಾಗಿ ಮಾಡಿ. ಪ್ರತಿ ತುಂಡಿನ ತಲೆಯ ಮೇಲೆ ನಾಲ್ಕು ಅಕ್ಷರದ ಹೆಸರು, ಅದರ ಪಕ್ಕ ತುಂಡಿನ ಉದ್ದ, ಆಮೇಲೆ ಮಾಲು. ಅಷ್ಟೇ! ಓದುವ ಪ್ರೋಗ್ರಾಮಿಗೆ ಆ ಹೆಸರು ಗೊತ್ತಿಲ್ಲದಿದ್ದರೆ ಉದ್ದ ನೋಡಿಕೊಂಡು ಹಾರಿ ಮುಂದಿನ ತುಂಡಿಗೆ ಹೋಗಬಹುದು. ಹತ್ತು ವರ್ಷ ಬಿಟ್ಟು ಯಾರೋ ಹೊಸ ಬಗೆಯ ತುಂಡು ಸೇರಿಸಿದರೂ ಹಳೇ ಪ್ರೋಗ್ರಾಮ್ ಗಾಬರಿಯಾಗುವುದಿಲ್ಲ. ಇಷ್ಟು ಸರಳವಾದದ್ದನ್ನು ಯೋಚಿಸಿದವರ ಬಗ್ಗೆ ನನಗೆ ನಿಜವಾಗಲೂ ಹೊಟ್ಟೆಕಿಚ್ಚು.

1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಇದನ್ನೇ ಎತ್ತಿಕೊಂಡು ರಿಫ್ ಅಂತ ಹೆಸರಿಟ್ಟವು. ನಮ್ಮ ವೇವ್ ಫೈಲು ಅದರ ಮಗು. 1992ರ ಎವಿಐ ವಿಡಿಯೋ ಅದರ ತಮ್ಮ. 2010ರಲ್ಲಿ ಗೂಗಲ್ ತಂದ ವೆಬ್‌ಪಿ ಚಿತ್ರಗಳೂ ಇದೇ ಮನೆತನದವು ಅಂತ ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಮಾಡಿಕೊಂಡ ಮುಖ್ಯ ಬದಲಾವಣೆ ಸಂಖ್ಯೆ ಬರೆಯುವ ದಿಕ್ಕು. ಅಮಿಗಾದ ಮೋಟೊರೋಲಾ ಚಿಪ್ಪು ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುತ್ತದೆ, ಇಂಟೆಲ್ ಚಿಪ್ಪು ಚಿಕ್ಕದನ್ನು ಮೊದಲು. ಹಾಗಾಗಿ ವೇವ್ ಫೈಲಿನಲ್ಲಿ 44100 ಎಂಬ ಸಂಖ್ಯೆ 68, 172, 0, 0 ಅಂತ ತಿರುಗುಮುರುಗಾಗಿ ಕೂತಿರುತ್ತದೆ (172 ಗುಣಿಸು 256, ಕೂಡಿಸು 68, ಬೇಕಾದರೆ ಲೆಕ್ಕ ಹಾಕಿ ನೋಡಿ). ಈ ಎರಡು ಪಕ್ಷಗಳಿಗೆ ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅಂತ ಕಾದಾಡಿದವರ ಹೆಸರನ್ನೇ ಇಟ್ಟವರು ಡ್ಯಾನಿ ಕೋಹೆನ್, 1980ರ ಏಪ್ರಿಲ್ ಒಂದರಂದು :-)

ಅಂದಹಾಗೆ ಈ 44100 ಎಲ್ಲಿಂದ ಬಂತು? ಸದ್ದನ್ನು ಸೆಕೆಂಡಿಗೆ ಇಷ್ಟು ಸಲ ಅಳೆಯಬೇಕು ಅನ್ನುವ ಲೆಕ್ಕ ಅದು. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅಳತೆ ಅದರ ಎರಡರಷ್ಟಕ್ಕಿಂತ ಹೆಚ್ಚಿರಬೇಕು. ಸರಿ, ಹಾಗಾದರೆ 42,000 ಯಾಕಲ್ಲ, 45,000 ಯಾಕಲ್ಲ? 1970ರ ದಶಕದ ಕೊನೆಯಲ್ಲಿ ಅಷ್ಟೊಂದು ಸಂಖ್ಯೆಗಳನ್ನು ತುಂಬಿಡಲು ಅನುಕೂಲವಾಗಿ ಸಿಗುತ್ತಿದ್ದ ಜಾಗ ಅಂದರೆ ವಿಡಿಯೋ ಟೇಪು. ಸದ್ದಿನ ಬಿಟ್ಟುಗಳನ್ನು ಕಪ್ಪು ಬಿಳುಪಿನ ಚುಕ್ಕೆಗಳ ಚಿತ್ರವಾಗಿ ಮಾಡಿ ಟೇಪಿಗೆ ಹಾಕುತ್ತಿದ್ದರು. ಸೋನಿ ಕಂಪನಿ ಅದಕ್ಕೆಂದೇ ಪೆಟ್ಟಿಗೆಗಳನ್ನು ಮಾಡಿತ್ತು. ಟಿವಿ ಚಿತ್ರದ ಒಂದು ಗೆರೆಗೆ ಮೂರು ಅಳತೆ. ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಬಳಸಬಹುದಾದ ಗೆರೆ 245, ಸೆಕೆಂಡಿಗೆ 60 ಬಾರಿ. ಯುರೋಪಿನದರಲ್ಲಿ 294 ಗೆರೆ, 50 ಬಾರಿ. ಎರಡನ್ನೂ ಮೂರರಿಂದ ಗುಣಿಸಿ, ಎರಡೂ ಕಡೆ 44100! 1982ರಲ್ಲಿ ಬಂದ ಸಿಡಿ ಈ ಸಂಖ್ಯೆಯನ್ನು ಹೊತ್ತು ತಂದಿತು. ಆ ವಿಡಿಯೋ ಟೇಪುಗಳು ಮೂಲೆಗೆ ಬಿದ್ದು ಎಷ್ಟೋ ಕಾಲವಾಯಿತು, ಸಂಖ್ಯೆ ಮಾತ್ರ ನನ್ನ ಅಜ್ಜಿಯ ಫೈಲಿನಲ್ಲೂ ಕೂತಿದೆ.

ಈಗ ನನ್ನ ತೊಂದರೆಗೆ ಬರೋಣ. ತುಂಡಿನ ಉದ್ದ ಮಾಲಿಗಿಂತ ಮೊದಲು ಬರುತ್ತದೆ ಅಂದೆನಲ್ಲ. ರೆಕಾರ್ಡಿಂಗ್ ಶುರುಮಾಡುವಾಗ ಅದು ಎಷ್ಟು ಉದ್ದವಾಗುತ್ತದೆ ಅಂತ ಯಾರಿಗೆ ಗೊತ್ತು? ಅದಕ್ಕೇ ಪ್ರೋಗ್ರಾಮುಗಳು ಮೊದಲು ಅಲ್ಲಿ ಸೊನ್ನೆ ಬರೆದು, ಎಲ್ಲ ಮುಗಿದ ಮೇಲೆ ಫೈಲಿನ ತಲೆಗೆ ವಾಪಸ್ ಬಂದು ನಿಜವಾದ ಉದ್ದ ತುಂಬುತ್ತವೆ. ನಾವು "ಸೇವ್" ಅನ್ನುವುದು ಬಹುಪಾಲು ಈ ವಾಪಸ್ ಬರುವ ಕೆಲಸವೇ. 1985ರ ಏರ್ಪಾಡಿನ ಹಿಂದೆ ಒಂದು ನಂಬಿಕೆ ಇತ್ತು, ಶುರುಮಾಡಿದವನು ಮುಗಿಸುತ್ತಾನೆ ಅಂತ. ನಮ್ಮೂರಿನ ಮಳೆಗಾಲದ ಕರೆಂಟು ಅವರಿಗೆ ಗೊತ್ತಿರಲಿಲ್ಲ.

ವಿಡಿಯೋದಲ್ಲಿ ಇದು ಇನ್ನೂ ಕಷ್ಟ. ಆಪಲ್‌ನ 1991ರ ಕ್ವಿಕ್‌ಟೈಮಿನಿಂದ ಹುಟ್ಟಿದ ಎಂಪಿ4 ಫೈಲಿನಲ್ಲಿ ಯಾವ ಚಿತ್ರ ಎಲ್ಲಿದೆ ಅನ್ನುವ ಪಟ್ಟಿಯನ್ನು ಸಾಮಾನ್ಯವಾಗಿ ರೆಕಾರ್ಡಿಂಗ್ ಮುಗಿದ ಮೇಲೆ ಬರೆಯುತ್ತಾರೆ. ಮದುವೆ ಮನೆಯಲ್ಲಿ ಮೊಬೈಲ್ ಬ್ಯಾಟರಿ ಖಾಲಿಯಾಗಿ ವಿಡಿಯೋ ತೆರೆಯದೇ ಹೋಗುವುದು ಹೀಗೆ. ಮಾಲೆಲ್ಲ ಇದೆ, ಪಟ್ಟಿ ಇಲ್ಲ.

ಎಂಪಿ3 ಮಾತ್ರ ಬೇರೆ ಜಾಯಮಾನದ್ದು. ಅದು ರೂಪುಗೊಂಡ ಕಾಲದಲ್ಲಿ, 1987ರಲ್ಲಿ ಶುರುವಾದ ಯುರೇಕಾ 147 ಎಂಬ ಯುರೋಪಿನ ಡಿಜಿಟಲ್ ರೇಡಿಯೋ ಯೋಜನೆ ಜೊತೆಗೇ ನಡೆದಿತ್ತು. ರೇಡಿಯೋ ಕೇಳುವವನು ಕಾರ್ಯಕ್ರಮದ ನಡುವೆ ಬಂದು ಕಿವಿಗೊಡುತ್ತಾನೆ, ನಡುವೆ ಎದ್ದು ಹೋಗುತ್ತಾನೆ. ಅವನಿಗೆ ಮೊದಲೂ ಇಲ್ಲ ಕೊನೆಯೂ ಇಲ್ಲ. ಹಾಗಾಗಿ ಎಂಪಿ3ಯಲ್ಲಿ 1152 ಅಳತೆಗೊಂದು ಚೌಕಟ್ಟು, ಅಂದರೆ ಸಿಡಿ ವೇಗದಲ್ಲಿ ಸೆಕೆಂಡಿಗೆ ಸುಮಾರು 38, ಪ್ರತಿಯೊಂದಕ್ಕೂ ತನ್ನದೇ ಚಿಕ್ಕ ತಲೆ. ಫೈಲು ಎಲ್ಲಿ ಕತ್ತರಿಸಿದರೂ ಉಳಿದದ್ದು ಹಾಡುತ್ತದೆ. ಗುಣಮಟ್ಟ ಕಮ್ಮಿ ಅಂತ ನಾನು ಎಂಪಿ3 ಬೇಡ ಅಂದಿದ್ದೆ, ಆ ರಾತ್ರಿ ಅದರ ಬೆಲೆ ಗೊತ್ತಾಯಿತು.

ಸಮಾಧಾನದ ವಿಷಯ ಅಂದರೆ ವೇವ್ ಫೈಲಿನ ತಲೆ, ನಾನು ಬರೆದಂಥ ಸರಳ ಬಗೆಯಲ್ಲಿ, 44 ಬೈಟು ಮಾತ್ರ. ಅದರಲ್ಲಿ ಉದ್ದ ಬರುವುದು ಎರಡು ಕಡೆ. ಸೊನ್ನೆಯಿಂದ ಎಣಿಸಿದರೆ 4ರಿಂದ 7ನೇ ಬೈಟಿನಲ್ಲಿ ಇಡೀ ಫೈಲಿನ ಗಾತ್ರದಿಂದ 8 ಕಳೆದದ್ದು, 40ರಿಂದ 43ರಲ್ಲಿ 44 ಕಳೆದದ್ದು. ಫೈಲಿನ ನಕಲು ಮಾಡಿಕೊಂಡು (ಇದನ್ನು ಮರೆಯಬೇಡಿ), ಹೆಕ್ಸ್ ಎಡಿಟರಿನಲ್ಲಿ ಆ ಎಂಟು ಬೈಟು ತುಂಬಿದೆ. ಮೊದಲ ಸಲ ದಿಕ್ಕು ತಪ್ಪಿಸಿ ಬರೆದು ಬೈಸಿಕೊಂಡೆ, ಪ್ಲೇಯರಿನಿಂದ. ಎರಡನೇ ಸಲಕ್ಕೆ ಅವಧಿ ಮೂವತ್ತಾರು ನಿಮಿಷ ಚಿಲ್ಲರೆ ಅಂತ ಬಂತು. ಡಿಸ್ಕಿಗೆ ಇಳಿಯದ ಕೊನೆಯ ಕೆಲವು ಸೆಕೆಂಡು ಹೋಗಿದ್ದವು.

ಚಿಕ್ಕಪ್ಪನನ್ನು ಕರೆದು ಕೇಳಿಸಿದೆ. ಮೊದಲು ಪಾತ್ರೆ ಸದ್ದು, ಯಾರೋ ಮಗು ಅಳುವುದು. ಆಮೇಲೆ ಒಂದು ಹೆಂಗಸಿನ ದನಿ, "ಏ, ಅದು ತಿರುಗ್ತಾ ಇದ್ಯೇನೋ?" ಹಿಂದಿನಿಂದ ಹುಡುಗನೊಬ್ಬ "ಹೂಂ ಅಮ್ಮ, ಹೇಳು" ಅನ್ನುತ್ತಾನೆ. ಚಿಕ್ಕಪ್ಪ ಎದ್ದು ಜಗಲಿಗೆ ಹೋದರು.

ನನ್ನ ಪ್ರೋಗ್ರಾಮ್ ಈಗ ಹತ್ತು ಸೆಕೆಂಡಿಗೊಮ್ಮೆ ವಾಪಸ್ ಹೋಗಿ ಉದ್ದ ಬರೆದು ಬರುತ್ತದೆ. ಮುದುಡಿದ ಟೇಪನ್ನು ಪೆನ್ಸಿಲ್ ಹಾಕಿ ತಿರುಗಿಸಿ, ಬೆರಳಲ್ಲಿ ಸವರಿ, ಸುತ್ತಿಟ್ಟಿದ್ದೇವೆ. ಇನ್ನೊಂದು ಬದಿ ಹಾಗೇ ಉಳಿದಿದೆ. ಮಳೆ ನಿಂತ ಮೇಲೆ ಬಾ, ಆಗ ನೋಡೋಣ ಅಂದಿದ್ದಾರೆ ಚಿಕ್ಕಪ್ಪ.